ಮಟಮಟ ಮಧ್ಯಾಹ್ನದ ಚಾಣ

ನಮ್ಮ ಕಡೆಯ ಹಕ್ಕಿ ನೋಡುವವರಿಗೆ ಹಕ್ಕಿಗಳು ಒಂಬತ್ತೂವರೆಗೆ ಮುಗಿಯುತ್ತವೆ. ಮಡಂತ್ಯಾರಿನ ಗದ್ದೆಗೆ ಹೋಗಲಿ, ಕಕ್ಕಿಂಜೆಯ ಆಚೆ ಘಾಟಿಯ ಬುಡಕ್ಕೆ ಹೋಗಲಿ, ಒಂಬತ್ತೂವರೆ ಆಯಿತೆಂದರೆ ಬೈನಾಕ್ಯುಲರುಗಳು ಚೀಲ ಸೇರುತ್ತವೆ, ಹತ್ತಿರದ ಹೋಟೆಲಿನಲ್ಲಿ ಬಿಸಿ ಗೋಳಿಬಜೆಗೆ ಆರ್ಡರ್ ಹೋಗುತ್ತದೆ. ಬಿಸಿಲೇರಿದ ಮೇಲೆ ಹಕ್ಕಿ ಹುಡುಕುವವರಿಗೆ ತಲೆ ಸರಿಯಿಲ್ಲ ಎಂಬುದು ನಮ್ಮ ತಂಡದ ದೃಢ ನಂಬಿಕೆ. ನಾನೂ ಹಲವು ವರ್ಷ ಅದನ್ನೇ ನಂಬಿ ಗೋಳಿಬಜೆ ತಿಂದವಳು.

ನಾನು ಬಂಟ್ವಾಳದ ಕಾಲೇಜೊಂದರಲ್ಲಿ ಅಕೌಂಟೆನ್ಸಿ ಕಲಿಸುತ್ತೇನೆ. ಕೋಪ ಮೂಗಿನ ತುದಿಯಲ್ಲಿ ಎಂದು ಮನೆಯಲ್ಲೂ ಕಾಲೇಜಿನಲ್ಲೂ ಹೆಸರು ಮಾಡಿದ್ದೇನೆ. ನಮ್ಮ ತಂಡಕ್ಕೆ ಹಿರಿಯರೆಂದರೆ ಒಬ್ಬ ಕಣ್ಣಿನ ಡಾಕ್ಟರು. ನಲವತ್ತು ವರ್ಷದಿಂದ ಹಕ್ಕಿ ನೋಡುತ್ತಿರುವವರು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಸುತ್ತ ಯಾವ ಹಕ್ಕಿ ಯಾವಾಗ ಕಂಡಿತು, ಮೊದಲು ಕಂಡವರು ಯಾರು ಎಂಬ ಪಟ್ಟಿ ಅವರ ಕೈಯಲ್ಲಿದೆ. ಅವರು ಒಪ್ಪಿದರೆ ಹಕ್ಕಿ ಉಂಟು, ಒಪ್ಪದಿದ್ದರೆ ಇಲ್ಲ. ನನ್ನ ಕನ್ನಡಕ ಕೊಟ್ಟವರೂ ಅವರೇ.

ಕಳೆದ ವರ್ಷ ದೀಪಾವಳಿ ಕಳೆದು ಮದುವೆಗಳು ಶುರುವಾದ ಹೊತ್ತು. ಗಂಡನ ಕಡೆಯ ಮದುವೆಯೊಂದಕ್ಕೆ ಮೂಡಬಿದ್ರೆಯ ಸಭಾಭವನಕ್ಕೆ ಹೋಗಿದ್ದೆವು. ಮೊದಲ ಪಂಕ್ತಿಗೆ ನೂಕುನುಗ್ಗಲು. ಎರಡನೆಯದಕ್ಕೆ ಕೂತರಾಯಿತೆಂದು ನಾನು ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ತಾರಸಿಗೆ ಹೋದೆ. ಅಲ್ಲಿ ಮಕ್ಕಳು ಏರೋಪ್ಲೇನ್ ಚಿಟ್ಟೆಗಳ, ಅಂದರೆ ಡ್ರ್ಯಾಗನ್‌ಫ್ಲೈಗಳ, ಹಿಂದೆ ಓಡುತ್ತಿದ್ದರು. ಅಷ್ಟೊಂದು ಚಿಟ್ಟೆಗಳು ಒಟ್ಟಿಗೆ ಹಾರುವುದನ್ನು ನಾನು ಕಂಡಿರಲಿಲ್ಲ. ನೋಡುತ್ತ ತಲೆ ಎತ್ತಿದರೆ, ಚಿಟ್ಟೆಗಳ ಮೇಲೆ ಚೂಪು ರೆಕ್ಕೆಯ ಹಕ್ಕಿಗಳು. ಒಂದು ಚಿಟ್ಟೆಯನ್ನು ಕಾಲಲ್ಲಿ ಹಿಡಿದು, ಹಾರುತ್ತಲೇ ಕತ್ತು ಬಗ್ಗಿಸಿ ತಿಂದಿತು. ಇನ್ನೊಂದು ವಾಲಿದಾಗ ರೆಕ್ಕೆಯ ಒಳಮೈ ಬೆಳ್ಳಗೆ ಹೊಳೆಯಿತು. ಮೈ ಬೂದಿ ಬಣ್ಣ, ಕಾಲು ಕೆಂಪು. ಅಮೂರ್ ಚಾಣ. ಚೀನಾ, ರಷ್ಯಾ ಕಡೆಯಿಂದ ಬಂದು, ನಮ್ಮ ತಲೆಯ ಮೇಲಿಂದ ಕಡಲು ದಾಟಿ ಆಫ್ರಿಕಾಕ್ಕೆ ಹೋಗುವ ಪುಟ್ಟ ಬೇಟೆಹಕ್ಕಿ. ಚಿತ್ರದಲ್ಲಿ ಎಷ್ಟು ಸಲ ನೋಡಿದ್ದೆನೋ. ಸುಮಾರು ಎಪ್ಪತ್ತು ಹಕ್ಕಿ ಪಡುವಣ ದಿಕ್ಕಿಗೆ ತೇಲಿ ಹೋದವು. ಮೊಬೈಲಿನಲ್ಲಿ ಫೋಟೋ ತೆಗೆದೆ. ಆಕಾಶಕ್ಕೆ ಯಾರೋ ಸಾಸಿವೆ ಎರಚಿದ ಹಾಗೆ ಬಂತು.

ಆ ಸಂಜೆಯೇ ನಮ್ಮ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಡಾಕ್ಟರ ಉತ್ತರ ಮೊದಲು ಬಂತು. ಸಭಾಭವನದ ಹಿಂದೆ ಊಟದ ಎಲೆ ಬಿಸಾಡುವ ಜಾಗದಲ್ಲಿ ಹದ್ದು ಸುತ್ತುವುದು ಸಹಜ ಎಂದು ಬರೆದಿದ್ದರು. ಪಾಯಸ ಎಷ್ಟು ಲೋಟ ಹೋಗಿತ್ತೆಂದು ಇನ್ನೊಬ್ಬರು ಕೇಳಿದರು. ಮುಂದಿನ ಭಾನುವಾರ ಗೋಳಿಬಜೆಯ ಮೇಜಿನಲ್ಲಿ ನಾನು ಮತ್ತೆ ಎತ್ತಿದೆ.

"ಮೇಡಮ್, ನಿಮ್ಮ ಕಣ್ಣಿನ ನಂಬರ್ ನನಗೆ ಗೊತ್ತುಂಟು," ಅಂದರು ಡಾಕ್ಟರು, ನಗುತ್ತಲೇ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಉಂಟಲ್ಲ. ಬೈನಾಕ್ಯುಲರ್ ಇರ್ಲಿಲ್ಲ, ಒಟ್ಟಿಗೆ ಯಾರೂ ಇರ್ಲಿಲ್ಲ. ಅದೂ ಮಧ್ಯಾಹ್ನ. ಪಟ್ಟಿಗೆ ಹಾಕ್ಲಿಕ್ಕೆ ಆಗುದಿಲ್ಲ."

ಎಲ್ಲರೂ ನಕ್ಕರು. ಪಾಣೆಮಂಗಳೂರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಬ್ಯಾರಿ ಗೆಳೆಯರೊಬ್ಬರು ಮಾತ್ರ, "ಅಕ್ಕ ಸುಳ್ಳು ಹೇಳುವ ಜನ ಅಲ್ಲ ಡಾಕ್ಟ್ರೆ," ಅಂದರು. ಸುಳ್ಳು ಎಂದು ಯಾರೂ ಹೇಳಿರಲಿಲ್ಲ, ಅದು ಸರಿ. ಸುಳ್ಳೆಂದಿದ್ದರೆ ಜಗಳವಾಡಬಹುದಿತ್ತು. ಕಣ್ಣು ಮೋಸ ಮಾಡಿತು ಎಂದರೆ ಏನು ಮಾಡುವುದು? ನನಗೆ ಅವಮಾನವಾಯಿತು. ಪಟ್ಟಿಯಲ್ಲಿ ಹಕ್ಕಿ ಬರಲಿ ಎಂಬ ಆಸೆ ಅಲ್ಲಿಗೇ ಮುಗಿದು, ನನ್ನ ಮಾತು ನಿಲ್ಲಬೇಕು ಎಂಬ ಹಟ ಶುರುವಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಗಂಡ ಛೇಡಿಸಿದರು. ಅವರೊಡನೆ ಎರಡು ದಿನ ಮಾತು ಬಿಟ್ಟೆ.

ಆ ವರ್ಷವೆಲ್ಲ ಯೋಚಿಸಿದೆ. ಚಾಣಗಳಿಗೆ ದಾರಿ ದೂರ. ಅವು ರೆಕ್ಕೆ ಬಡಿದು ದಣಿಯುವುದಿಲ್ಲ. ನೆಲ ಕಾದು ಬಿಸಿಗಾಳಿ ಮೇಲೇಳುವುದನ್ನು ಕಾದು, ಅದರ ಮೇಲೆ ಏರಿ ತೇಲುತ್ತವೆ. ಅದು ಮಧ್ಯಾಹ್ನದ ಕೆಲಸ. ನಾವೋ, ಗಾಳಿ ಏಳುವ ಮೊದಲೇ ಬೈನಾಕ್ಯುಲರ್ ಒರೆಸಿ ಒಳಗಿಡುವ ಜನ. ವರ್ಷವರ್ಷವೂ ಅವು ಹೋಗುತ್ತಿದ್ದಿರಬಹುದು, ನಾವು ಗೋಳಿಬಜೆಗೆ ಚಟ್ನಿ ಕೇಳುತ್ತಿದ್ದಿರಬಹುದು.

ಈ ವರ್ಷ ಮಳೆ ನಿಂತು ಮುಂಜಾನೆ ಇಬ್ಬನಿ ಬೀಳತೊಡಗಿದ ಮೇಲೆ ನಾನು ಏರೋಪ್ಲೇನ್ ಚಿಟ್ಟೆಗಳಿಗೆ ಕಾದೆ. ಒಂದು ಶನಿವಾರ ನೇತ್ರಾವತಿಯ ಸೇತುವೆಯ ಮೇಲೆ ಬರುವಾಗ ಅವು ಗುಂಪುಗುಂಪಾಗಿ ಕಂಡವು. ಸ್ಕೂಟರು ಬದಿಗೆ ಹಾಕಿ, ಅಲ್ಲೇ ನಿಂತು ಗ್ರೂಪಿಗೆ ಬರೆದೆ. ನಾಳೆ ಮೂಡಬಿದ್ರೆ ಬದಿಯ ಪದವು ಗುಡ್ಡಕ್ಕೆ ಹೋಗುವ, ಬೆಳಿಗ್ಗೆ ಅಲ್ಲ, ಹನ್ನೊಂದು ಗಂಟೆಗೆ. ಚಾಣ ಬಾರದಿದ್ದರೆ ಕಳೆದ ವರ್ಷದ್ದು ಹದ್ದೇ ಎಂದು ನಾನೇ ಗ್ರೂಪಿನಲ್ಲಿ ಬರೆಯುತ್ತೇನೆ. ಕಳಿಸಿದ ಮೇಲೆ ಅಳಿಸಿಬಿಡಲೇ ಎನಿಸಿತು. ಆದರೆ ಬಾಣ ಬಿಟ್ಟಾಗಿತ್ತು.

ಪದವು ಎಂದರೆ ಕೆಂಪು ಮುರಕಲ್ಲಿನ ಬಯಲು ಗುಡ್ಡ. ಮಳೆಗಾಲದಲ್ಲಿ ಹಸಿರು ಹುಲ್ಲು, ಆಮೇಲೆ ಕಾದ ಹೆಂಚು. ನೆರಳಿಗೆ ಒಂದು ಕುರುಚಲು ಮರವೂ ಇಲ್ಲ. ಆರು ಮಂದಿ ಬಂದರು, ಕೊಡೆ ಹಿಡಿದುಕೊಂಡು. ಚಪ್ಪಲಿ ಅಂಗಡಿಯವರು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದರು. ಡಾಕ್ಟರು ಬೆಳ್ತಂಗಡಿಯಲ್ಲಿ ಮದುವೆ ಊಟ ಉಂಟೆಂದು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಬಂದಿದ್ದರು.

"ಒಂದು ಗಂಟೆಗೆ ಹೊರಡ್ತೇನೆ ಮೇಡಮ್. ಎರಡನೇ ಪಂಕ್ತಿಗಾದರೂ ಸಿಗ್ಬೇಕಲ್ಲ."

"ಹೊರಡಿ ಡಾಕ್ಟ್ರೆ. ಊಟಕ್ಕೆ ನಾನು ಅಡ್ಡ ಬರುದಿಲ್ಲ," ಅಂದೆ. ಮನಸ್ಸಿನಲ್ಲಿ ಏನೆಂದೆನೋ ಅದು ಇಲ್ಲಿ ಬೇಡ.

ಮೊದಲು ಬಂದದ್ದು ಹದ್ದು. ಒಂದು, ಎರಡು, ಐದು. ಹದ್ದೇ. "ಬಂತು ನೋಡಿ ನಿಮ್ಮ ಚಾಣ," ಎಂದು ಯಾರೋ ಹೇಳಿದರು. ಆಮೇಲೆ ಒಂದು ಗರುಡ. ಆಮೇಲೆ ಏನೂ ಇಲ್ಲ. ಬಿಸಿಲು ನೆತ್ತಿಗೆ ಬಂತು. ಇಬ್ಬರು ಕಾರಿನೊಳಗೆ ಹೋಗಿ ಎ.ಸಿ. ಹಾಕಿ ಕೂತರು. ನನ್ನ ಕುತ್ತಿಗೆ ನೋಯುತ್ತಿತ್ತು, ಕನ್ನಡಕ ಬೆವರಿಗೆ ಜಾರುತ್ತಿತ್ತು. ಕಳೆದ ವರ್ಷ ಕಂಡದ್ದು ನಿಜವಾಗಿ ಕಂಡದ್ದೇ ಎಂದು ನನಗೇ ಒಂದು ಗಳಿಗೆ ಸಂಶಯ ಬಂತು. ಆ ಒಂದು ಗಳಿಗೆಗೆ ನಾನು ಡಾಕ್ಟರನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ.

ಡಾಕ್ಟರು ಪಂಚೆ ಕೊಡವಿ ಎದ್ದರು. ಆಗ ಚಪ್ಪಲಿ ಅಂಗಡಿಯವರು, "ಅಕ್ಕ, ಈ ಚಿಟ್ಟೆ ಎಲ್ಲಿಂದ ಬಂತು ಮಾರಾಯ್ರೆ, ಇಷ್ಟೊಂದು?" ಅಂದರು.

ಕಾದ ಕಲ್ಲಿನ ಮೇಲೆ, ನಮ್ಮ ಮೊಣಕಾಲಿನ ಎತ್ತರದಿಂದ ತಲೆಯ ಮೇಲಿನವರೆಗೆ, ಏರೋಪ್ಲೇನ್ ಚಿಟ್ಟೆಗಳು ತುಂಬಿಕೊಂಡಿದ್ದವು. ನಾನು ಮೂಡಣ ದಿಕ್ಕಿಗೆ, ಘಾಟಿಯ ಕಡೆಗೆ ಬೈನಾಕ್ಯುಲರ್ ಎತ್ತಿದೆ. ದೂರದಲ್ಲಿ ಚುಕ್ಕಿಗಳು. ಚುಕ್ಕಿಗಳಿಗೆ ರೆಕ್ಕೆ ಬಂತು. ರೆಕ್ಕೆ ಚೂಪಾಯಿತು. ಡಾಕ್ಟರ ತೋಳು ಹಿಡಿದು ಆ ಕಡೆಗೆ ತಿರುಗಿಸಿದೆ. ಹಿರಿಯರೆಂಬ ಮರ್ಯಾದೆ ನೆನಪಾದದ್ದು ಆಮೇಲೆ.

ಬಂದವು. ಎಪ್ಪತ್ತಲ್ಲ, ನೂರಲ್ಲ, ಎಣಿಸಲು ಹೋದವರೆಲ್ಲ ನಡುವೆಯೇ ಕೈಬಿಟ್ಟರು. ನಮ್ಮ ಗುಡ್ಡದ ಬಿಸಿಗಾಳಿ ಸಿಕ್ಕಿದ್ದೇ ಅವು ಸುತ್ತತೊಡಗಿದವು, ಒಂದರ ಮೇಲೊಂದು, ಮೇಲೆ ಮೇಲೆ. ಕೆಲವು ತೀರಾ ಕೆಳಗಿಳಿದು ನಮ್ಮ ಮೂಗಿನೆದುರಿನ ಚಿಟ್ಟೆಯನ್ನೇ ಎತ್ತಿಕೊಂಡು ಹೋದವು. ಬಿಳಿ ಒಳರೆಕ್ಕೆ, ಬೂದಿ ಮೈ, ಕೆಂಪು ಕಾಲು, ಎಲ್ಲವೂ ಕನ್ನಡಕವಿಲ್ಲದೆಯೂ ಕಾಣುವಷ್ಟು ಹತ್ತಿರ. ಕಾರಿನಲ್ಲಿದ್ದವರು ಬಾಗಿಲು ತೆರೆದಿಟ್ಟೇ ಓಡಿಬಂದರು. ಕ್ಯಾಮೆರಾಗಳು ಪಟಪಟ ಬಡಿದುಕೊಂಡವು. ಚಪ್ಪಲಿ ಅಂಗಡಿಯವರು ಕೊಡೆ ಬಿಸಾಡಿ ಕಲ್ಲಿನ ಮೇಲೆ ಅಂಗಾತ ಮಲಗಿಬಿಟ್ಟರು. ನಾನು ಗಟ್ಟಿಯಾಗಿ ನಗುತ್ತಿದ್ದೆ. ಅಷ್ಟು ಗಟ್ಟಿಯಾಗಿ ನಗುವುದು ನನಗೆ ಗೊತ್ತಿದೆಯೆಂದೇ ನನಗೆ ಗೊತ್ತಿರಲಿಲ್ಲ. ಗೆದ್ದೆ, ಗೆದ್ದೆ ಎಂದು ಮೈಯೆಲ್ಲ ಹೇಳುತ್ತಿತ್ತು.

ಮೇಲೇರಿ ಮೇಲೇರಿ, ಒಂದು ಹಂತದಲ್ಲಿ ಅವು ಸುತ್ತುವುದನ್ನು ನಿಲ್ಲಿಸಿ, ಸಾಲುಗಟ್ಟಿ ಕಡಲಿನ ಕಡೆಗೆ ಜಾರಿದವು. ಆಕಾಶ ಖಾಲಿಯಾದ ಮೇಲೂ ನಾವು ಸ್ವಲ್ಪ ಹೊತ್ತು ಕತ್ತು ಇಳಿಸಲಿಲ್ಲ.

ಒಂದು ಗಂಟೆ ಯಾವಾಗ ಕಳೆಯಿತೋ. ಡಾಕ್ಟರು ಬಿಳಿ ಪಂಚೆಯ ಪರಿವೆಯಿಲ್ಲದೆ ಕೆಂಪು ಮಣ್ಣಿನ ಮೇಲೆ ಕೂತಿದ್ದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಬಿಸಿಲಿಗೆ ಎಂದುಕೊಳ್ಳಲು ನಾನು ತಯಾರಿದ್ದೆ. ನನ್ನ ಹತ್ತಿರ ಒಂದು ವರ್ಷದಿಂದ ಮಸೆದಿಟ್ಟ ಮಾತುಗಳಿದ್ದವು. ಯಾವುದನ್ನು ಮೊದಲು ಎಸೆಯಲಿ ಎಂದು ಯೋಚಿಸುತ್ತಿರುವಾಗ ಅವರೇ ಬಾಯಿ ತೆರೆದರು.

"ಮೇಡಮ್, ನಲವತ್ತು ವರ್ಷ ಆಯ್ತು. ಈ ಹಕ್ಕಿಯನ್ನು ನಾನು ಕಂಡದ್ದು ಇವತ್ತೇ ಮೊದಲು."

ನಾನು ಅವರ ಪಕ್ಕದ ಕಲ್ಲಿನ ಮೇಲೆ ಕೂತೆ.

"ಹೋದ ವರ್ಷ ಸಭಾಭವನದ ಮೇಲೆ ಎಷ್ಟು ಅಂತ ಹೇಳಿದ್ದಿರಿ?"

"ಸುಮಾರು ಎಪ್ಪತ್ತು."

ಅವರು ಮೊಬೈಲು ತೆಗೆದು ಪಟ್ಟಿ ತೆರೆದರು. ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ನಾನು ಕೊಡೆ ಬಿಚ್ಚಿ ಅವರ ತಲೆಯ ಮೇಲೆ ಹಿಡಿದೆ. ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ಬರೆದರು. ಅಮೂರ್ ಚಾಣ, ಮೊದಲ ದಾಖಲೆ, ಮೂಡಬಿದ್ರೆ, ಕಳೆದ ವರ್ಷದ ಆ ಮದುವೆಯ ದಿನ, ನನ್ನ ಹೆಸರು. ಅದರ ಕೆಳಗೆ, ಎರಡನೆಯದಾಗಿ, ಇವತ್ತಿನದು, ತಮ್ಮ ಹೆಸರು.

"ಸರಿ ಉಂಟಲ್ಲ?" ಎಂದು ಮೊಬೈಲನ್ನು ನನ್ನ ಕಡೆ ತಿರುಗಿಸಿದರು.

ಇವತ್ತಿನದನ್ನು ಮೊದಲು ಹಾಕಿ ಡಾಕ್ಟ್ರೆ, ನೀವು ಹಿರಿಯರು ಎಂದು ಹೇಳಬೇಕಾದ ಜಾಗ ಅದು. ನಮ್ಮೂರಿನ ಮರ್ಯಾದೆ ಅದು. ನಾನು ಎರಡು ಸಲ ಓದಿ, ಸರಿ ಉಂಟು ಅಂದೆ.