ಕೀಲಿ ಕೊಡದ ಕಾರಿಗೆ ತೀರ್ಪಿಲ್ಲ

ನನ್ನ ಚಿಕ್ಕಮ್ಮ ಸಿಟಿ ಬಸ್ಸಿನ ಡ್ರೈವರ್. ಡಿಪೋದಲ್ಲಿ ಅವಳನ್ನು ‘ಹಾರ್ನಕ್ಕ’ ಎನ್ನುತ್ತಾರೆ. ಅವಳು ಹಾರ್ನ್ ಒತ್ತಿದ್ದನ್ನು ಈವರೆಗೆ ಯಾರೂ ಕೇಳಿಲ್ಲ, ಅದಕ್ಕೆ. ಊರಿನ ಹಳೇ ಕಾರುಗಳ ಕ್ಲಬ್ಬಿಗೂ ಸದಸ್ಯೆ. ಅಲ್ಲಿ ವರ್ಷಕ್ಕೊಮ್ಮೆ ಎರಡು ಕಾರುಗಳನ್ನು ಗುಡ್ಡದ ರಸ್ತೆಗೆ ತಂದು ಯಾವುದು ಮೇಲೆಂದು ತೀರ್ಮಾನಿಸುತ್ತಾರೆ. ಎರಡನ್ನೂ ಓಡಿಸಿ ತೀರ್ಪು ಹೇಳುವವರು ಸದಸ್ಯರೇ, ಸರದಿಯ ಮೇಲೆ. ಈ ಸಲ ಚಿಕ್ಕಮ್ಮನ ಸರದಿ. ಅವಳು ಕ್ಲಬ್ಬಿಗೆ ಸೇರಿದ್ದೇ ಇದಕ್ಕಾಗಿ.

ಬಂದಿದ್ದವು ಎರಡು ಹಳೇ ಟರ್ಬೊ ಸ್ಪೋರ್ಟ್ಸ್ ಕಾರುಗಳು. ಪೇಂಟ್ ಅಂಗಡಿಯವರದು ಜಪಾನಿನದು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಹಲ್ಲಿನ ಡಾಕ್ಟರದು ಜರ್ಮನಿಯದು, ಎಂಜಿನ್ ಹಿಂಬದಿಯಲ್ಲಿ.

ಚಿಕ್ಕಮ್ಮ ಮೊದಲು ಜಪಾನಿನದನ್ನು ಗುಡ್ಡ ಹತ್ತಿಸಿ ಇಳಿಸಿ ತಂದಳು. ಕೆನ್ನೆ ಕೆಂಪಾಗಿತ್ತು. "ಆಕ್ಸಿಲರೇಟರ್ ಒತ್ತಿದ್ರೆ ಒಂದು ಉಸಿರು ಸುಮ್ನಿರುತ್ತೆ, ಆಮೇಲೆ ಬೆನ್ನಿಗೆ ಗುದ್ದುತ್ತೆ! ಆದ್ರೂ ತಿರುವಲ್ಲಿ ಹೇಳಿದ ಮಾತು ಕೇಳುತ್ತೆ" ಎಂದವಳೇ ಇನ್ನೊಂದರ ಕೀಲಿಗೆ ಕೈ ಚಾಚಿದಳು. ಡಾಕ್ಟರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

"ಇದು ಬೇಡ ಅಕ್ಕಾ. ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

"ಯಾಕೆ?"

"ತಿರುವಲ್ಲಿ ಹೆದರಿ ಕಾಲು ತೆಗೆದ್ರೆ ಇದರ ಹಿಂಭಾಗ ಸುತ್ಕೊಂಡು ಬರುತ್ತೆ. ನಿಮ್ಮ ಬಸ್ಸಲ್ಲ ಇದು."

"ನನ್ನ ಬಸ್ಸಲ್ಲಿ ಬಾಗಿಲವರೆಗೂ ಜನ ನಿಂತಿರ್ತಾರೆ ಡಾಕ್ಟ್ರೇ. ಹೆದರಿ ಕಾಲು ತೆಗೆಯೋಳಾಗಿದ್ರೆ ಇಷ್ಟು ಹೊತ್ತಿಗೆ ಅರ್ಧ ಊರು ಖಾಲಿ ಆಗಿರೋದು!"

ಹೋದ ವರ್ಷ ತೀರ್ಪುಗಾರನಾಗಿದ್ದವನು ಕ್ಲಬ್ ಕಾರ್ಯದರ್ಶಿಯ ಭಾಮೈದ. ಅವನು ಬೇರೆಯವರ ಕಾರನ್ನು ಮೋರಿಗೆ ಇಳಿಸಿ, ನಗುತ್ತಾ ನಡೆದು ಬಂದಿದ್ದ. "ಗಾಡಿ ಅಂದ್ಮೇಲೆ ಇದೆಲ್ಲಾ ಇದ್ದದ್ದೇ" ಎಂದು ಅವನ ಬೆನ್ನು ತಟ್ಟಿದ್ದು ಇದೇ ಡಾಕ್ಟರು. ಮೋರಿಗೆ ಬಿದ್ದವನ ಮೇಲೆ ನಂಬಿಕೆ ಉಳಿಯಿತು. ದಿನವಿಡೀ ಊರನ್ನು ಹೊತ್ತು ತಿರುಗುವವಳ ಮೇಲೆ ಅದು ಹುಟ್ಟಲೇ ಇಲ್ಲ. ಇದಕ್ಕೆ ಎಚ್ಚರಿಕೆ ಎಂದು ಹೆಸರಿಡಬೇಡಿ, ನನಗೆ ಮೈ ಉರಿಯುತ್ತದೆ.

ಕಾರ್ಯದರ್ಶಿ ರಾಜಿ ಮಾಡಿಸಲು ಬಂದ. "ಪಕ್ಕದಲ್ಲಿ ಕೂತ್ರೂ ಗೊತ್ತಾಗುತ್ತಲ್ಲಮ್ಮ. ಯಾವುದೋ ಒಂದು ಹೇಳ್ಬಿಡು, ಊಟ ಆರ್ತಾ ಇದೆ."

"ಪಕ್ಕದಲ್ಲಿ ಕೂತ್ರೆ ನಾನು ಪ್ಯಾಸೆಂಜರು. ಸೀಟು ಮೆತ್ತಗಿದೆ ಅಂತ ಬೇಕಾದ್ರೆ ಹೇಳ್ತೀನಿ."

ಪೇಂಟ್ ಅಂಗಡಿಯವರಿಗೆ ಆಸೆ ಚಿಗುರಿತು. "ಅವರು ಕೀಲಿ ಕೊಡ್ಲಿಲ್ಲ ಅಂದ್ಮೇಲೆ ನಂದೇ ಗೆದ್ದಂಗಾಯ್ತಲ್ಲಕ್ಕಾ?"

"ನಿಮ್ಮ ಕಾರು ತುಂಬಾ ಚೆನ್ನಾಗಿದೆ ಅಣ್ಣಾ. ಯಾವುದಕ್ಕಿಂತ ಅಂತ ಹೇಗೆ ಹೇಳ್ಲಿ?"

ಅವರ ಮುಖ ಸಣ್ಣದಾಯಿತು. ಇಬ್ಬರನ್ನೂ ಸಮಾಧಾನಪಡಿಸಲು ಕಾರ್ಯದರ್ಶಿ ಮೈಕ್ ಹಿಡಿದು, ತೀರ್ಪುಗಾರರ ಪ್ರಕಾರ ಎರಡೂ ಕಾರು ಸಮಸಮ ಎಂದು ಘೋಷಿಸಿದ. ಚಪ್ಪಾಳೆ ಮುಗಿಯುವ ಮೊದಲೇ ಚಿಕ್ಕಮ್ಮ ಮೈಕ್ ಕಿತ್ತುಕೊಂಡಳು. "ನಾನು ಸಮ ಅಂದಿಲ್ಲ. ಒಂದು ಕಾರು ಓಡಿಸಿದೀನಿ, ಇನ್ನೊಂದರ ಕೀಲಿ ಡಾಕ್ಟ್ರ ಜೇಬಲ್ಲಿದೆ. ಜೇಬು ನೋಡಿ ತೀರ್ಪು ಹೇಳೋ ವಿದ್ಯೆ ನಂಗೆ ಬರಲ್ಲ."

ಕ್ಷಮೆ ಕೇಳು, ಇಲ್ಲವೇ ಸದಸ್ಯತ್ವ ಬಿಡು ಎಂದು ಕ್ಲಬ್ಬು ಹೇಳಿ ಕಳಿಸಿತು. ಅವಳು ಎರಡನ್ನೂ ಮಾಡಲಿಲ್ಲ. ಪ್ರತಿ ಸಭೆಗೂ ಯೂನಿಫಾರ್ಮಿನಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಕೊನೆಗೆ ಕೈ ಎತ್ತಿ, "ನನ್ನ ಸರದಿ ಇನ್ನೂ ಮುಗಿದಿಲ್ಲ. ಕೀಲಿ ಎಲ್ಲಿ ಡಾಕ್ಟ್ರೇ?" ಎನ್ನುತ್ತಾಳೆ.

ಡಾಕ್ಟರು ಈಗೀಗ ಸಭೆಗೆ ಬಾಡಿಗೆ ಕಾರಿನಲ್ಲಿ ಬರುತ್ತಾರೆ.