ಅಂಗೈಯಲ್ಲಿ ಲಿಂಗ, ತೊಟ್ಟಿಲಲ್ಲಿ ಕೂಸು

ನನ್ನ ಮೊದಲ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ್ದು ಹದಿಮೂರನೆಯ ದಿನವಲ್ಲ, ಒಂದೂವರೆ ತಿಂಗಳಿಗೆ. ತಡವಾಗಿದ್ದು ಅವಳ ಅಜ್ಜನ ಎದೆಯಿಂದ. ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೂ ಆ ದಿನಗಳು ನೆನಪಾದರೆ ಹಿಗ್ಗು ಒಳಗೆ ನಿಲ್ಲಲೊಲ್ಲದು, ಬರೆಯುತ್ತೇನೆ.

ಮೂಡಲಗಿ ಹತ್ತಿರ ನಮ್ಮ ಮನೆ, ಕಬ್ಬಿನ ಹೊಲ. ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದೆವು. ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಕೂಸು ಹುಟ್ಟಿ ವಾರವಾಗಿತ್ತು. ಬಣ್ಣದ ತೊಟ್ಟಿಲು ತರಲು ಗೋಕಾಕಕ್ಕೆ ಹೋದ ನಮ್ಮ ಯಜಮಾನರು, ತೊಟ್ಟಿಲಿಗೆ ಕಟ್ಟುವ ಕಟ್ಟಿಗೆಯ ಗಿಳಿ ಆರಿಸುತ್ತಲೇ ಅಂಗಡಿಯಲ್ಲಿ ಕುಸಿದರು. ಎರಡು ವರ್ಷದ ಹಿಂದೆ ಹೃದಯಾಘಾತ ಆಗಿತ್ತು. ಈಗ ಎದೆ ಓಡಾಕ ಹತ್ತಿದ್ದು ನಿಲ್ಲಲೇ ಇಲ್ಲ. ಅಲ್ಲಿಯ ದವಾಖಾನೆಯಲ್ಲಿ ಕರೆಂಟು ಕೊಟ್ಟು ಬಡಿತವನ್ನು ಹದಕ್ಕೆ ತಂದು, ಬೆಳಗಾವಿಗೆ ಕಳಿಸಿದರು.

ಬೆಳಗಾವಿಯ ಡಾಕ್ಟರು ತಿಳಿಸಿ ಹೇಳಿದರು: “ಕಾಕಾರ, ಎದ್ಯಾಗ ಹಳೇ ಗಾಯದ ಕಲಿ ಐತಿ. ಎದಿ ಬಡಿಸೂ ಕರೆಂಟು ಗಾಣದ ಎತ್ತಿನಂಗ ಅದರ ಸುತ್ತ ತಿರಗಾಕತ್ತೈತಿ. ತೊಡಿ ಕಡೆಯಿಂದ ನರದಾಗ ಸಣ್ಣ ನಳಗಿ ಬಿಟ್ಟು ಆ ದಾರಿ ಸುಡತೇನಿ.”

“ಎದಿ ಉರಿಯೂದಿಲ್ಲೇನ್ರಿ?” ಎಂದು ಇವರು ಕೇಳಿದರು.

“ಕೆಂಪ ಚಟ್ನಿ ತಿಂದಷ್ಟೂ ಉರಿಯೂದಿಲ್ರಿ.”

ನನ್ನನ್ನು ಬಾಜೂಕ ಕರೆದು ಬೇರೆಯೇ ಹೇಳಿದರು: ಮಾಡದೆ ಬಿಟ್ಟರೆ ಆ ಓಟ ಮತ್ತೆ ಬರಬಹುದು, ಪ್ರತಿ ಸಲ ಮನುಷ್ಯ ಕೈಗೆ ಸಿಗುತ್ತಾನೆಂದು ಹೇಳಲಾಗದು.

ಹುಕ್ಕೇರಿಯಿಂದ ಬೀಗರು ಹೇಳಿಕಳಿಸಿದರು: “ಅಜ್ಜ ಬರೂತನಾ ಕೂಸಿಗೆ ಹೆಸರ ಬ್ಯಾಡ.”

ನಳಗಿ ಬಿಡುವ ದಿನ ಬೆಳಿಗ್ಗೆ ಸಿಸ್ಟರ್ ಬಂದು, “ಕೊಳ್ಳಾಗಿಂದೆಲ್ಲಾ ತಗೀರಿ ಅಜ್ಜಾ, ಎದಿಗೆ ಪಟ್ಟಿ ಹಚ್ಚಬೇಕು,” ಎಂದಳು. ಕೊರಳಲ್ಲಿದ್ದದ್ದು ಇಷ್ಟಲಿಂಗ, ಬೆಳ್ಳಿಯ ಕರಡಿಗೆಯೊಳಗೆ. ಕೂಸಿದ್ದಾಗ ಕಟ್ಟಿದ್ದು, ಒಂದು ದಿನವೂ ಮೈ ಬಿಟ್ಟು ಸರಿದಿರಲಿಲ್ಲ.

“ಜೀವಾ ಬೇಕಾದ್ರ ತಗೀರಿ, ಇದನ್ನ ತಗಿಯೂದಿಲ್ಲ,” ಎಂದರು.

“ಜೀವಾನೂ ತಗೀಬ್ಯಾಡವ್ವಾ,” ಎಂದೆ ನಾನು. ಸಿಸ್ಟರ್ ನಕ್ಕಳು. ಇವರು ಮಾತ್ರ ಮಂಚದಿಂದ ಇಳಿದು ಚಪ್ಪಲಿ ಹುಡುಕತೊಡಗಿದರು. “ನಡಿ, ಮನಿಗಿ ಹೋಗೂಣು.”

ನಾನು ಚಪ್ಪಲಿಯನ್ನು ಕಾಲಿನಿಂದ ಮಂಚದ ಕೆಳಗೆ ದೂಡಿದೆ. ಆಗ ಹೊಳೆಯಿತು: ದಿನಾ ಪೂಜೆಯ ಹೊತ್ತಿಗೆ ಲಿಂಗ ಎಲ್ಲಿರುತ್ತದೆ? ಎಡ ಅಂಗೈಯಲ್ಲೇ ಅಲ್ಲವೇ!

“ಪೂಜಾಕ್ಕ ಕುಂತೇನಿ ಅಂತ ತಿಳಕೊಳ್ರಿ. ಅಂಗೈಯಾಗ ಇರಲಿ.”

ಮಂಚದ ಮೇಲೆ ಮರಳಿ ಕುಳಿತರು. ಡಾಕ್ಟರೂ ಒಪ್ಪಿದರು. “ಬೆಳ್ಳಿ ಬ್ಯಾಡ, ನಮ್ಮ ಬಟ್ಟ್ಯಾಗ ಸುತ್ತಿ ಕಟ್ರಿ. ಆ ಕೈಗೆ ಸೂಜಿ ಚುಚ್ಚೂದಿಲ್ಲ.” ನಾನೇ ಕಟ್ಟಿದೆ. ಖಾಲಿ ಕರಡಿಗೆ ಹಿಡಿದುಕೊಂಡು ಹೊರಗೆ ನಾಲ್ಕು ತಾಸು ಕುಳಿತೆ.

ಹೊರಗೆ ತಂದಾಗ ಕೈ ಕಟ್ಟಿದ ಹಾಗೇ ಇತ್ತು. “ದಾರಿ ಹುಡಕಾಕ ಬೇಕಂತ ಎದಿ ಓಡಿಸಿದ್ರು ನೋಡು,” ಎಂದರು ಮೆಲ್ಲಗೆ. “ನಾ ಮುಷ್ಟಿ ಬಿಡಲಿಲ್ಲ.” ಹಿಂದೆ ಬಂದ ಡಾಕ್ಟರು ಹೇಳಿದರು: “ಸುಟ್ಟ ಮ್ಯಾಲ ಎಷ್ಟ ಎಬ್ಬಿಸಿದ್ರೂ ಎತ್ತು ಏಳಲಿಲ್ರಿ ಅವ್ವಾರ.” ಅಲ್ಲೇ ಗೋಡೆ ಹಿಡಿದು ಅತ್ತುಬಿಟ್ಟೆ, ಸಂತೋಷಕ್ಕೆ.

ಗೋಕಾಕದ ಅಂಗಡಿಯವನು ತೊಟ್ಟಿಲನ್ನು ಬೇರೆಯವರಿಗೆ ಮಾರದೆ ಕಾದಿರಿಸಿದ್ದ. ಹುಕ್ಕೇರಿಯ ಬೀಗರು ಬಂದರು, ಹೆಂಗಸರು ಹಾಡಿದರು. ಅಜ್ಜ ಮೊಮ್ಮಗಳನ್ನು ಎತ್ತಿಕೊಂಡಾಗ ಅವಳು ಅವರ ಕೊರಳಲ್ಲಿದ್ದ ಕರಡಿಗೆಯ ದಾರವನ್ನು ಹಿಡಿದೇ ಹಿಡಿದಳು. ತೊಟ್ಟಿಲಿಗೆ ಹಾಕಬೇಕು, ಮುಷ್ಟಿ ಬಿಡಿಸಲು ಹೋದೆ.

“ಇರಲಿ ಬಿಡ,” ಎಂದರು ಯಜಮಾನರು, “ನನ್ನಂಗ ಐತಿ ಕೂಸು.” ಅವಳನ್ನು ತೊಟ್ಟಿಲಲ್ಲಿ ಮಲಗಿಸಲು ಬಗ್ಗಿದವರು ಬಗ್ಗಿಯೇ ನಿಂತರು, ಅವಳಿಗೆ ನಿದ್ದೆ ಹತ್ತುವ ತನಕ.