ಕಾಶಿಯಲ್ಲಿ ಬಿಟ್ಟದ್ದು

ಕಾಶಿಗೆ ಹೋಗಿಬಂದವರನ್ನು ನಮ್ಮ ಕಂಪ್ಲಿಯ ಜನ ದರ್ಶನ ಹೇಗಾಯಿತು ಎಂದು ಕೇಳುವುದು ಆಮೇಲೆ. ಮೊದಲು ಕೇಳುವುದು, ‘ಏನ್ ಬಿಟ್ಟು ಬಂದ್ರಿ?’ ತುಂಬ ಇಷ್ಟವಾದದ್ದೊಂದನ್ನು ಅಲ್ಲಿ ಬಿಡಬೇಕು, ಜೀವ ಇರುವತನಕ ಮತ್ತೆ ಮುಟ್ಟಬಾರದು. ಇಷ್ಟವಾದದ್ದನ್ನು ನಿಜವಾಗಿ ಬಿಡುವವರು ಯಾರಿದ್ದಾರೆ ಹೇಳಿ? ನಾನು ಹಾಗಲಕಾಯಿ ಬಿಟ್ಟೆ. ಮೊದಲೂ ಅದನ್ನು ತಿಂದವಳಲ್ಲ.

ನನ್ನ ಅತ್ತೆ ಏನು ಬಿಟ್ಟರೆಂದು ಮಾತ್ರ ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಕೇಳಿದವರಿಗೆಲ್ಲ ‘ಬಿಟ್ಟೀನಿ ಬಿಡ್ರಿ’ ಎಂದಷ್ಟೇ ಹೇಳುತ್ತಿದ್ದರು.

ನಮ್ಮಿಬ್ಬರಿಗೂ ಜಗಳವಿಲ್ಲದ ದಿನವಿರಲಿಲ್ಲ. ಕೂತಲ್ಲಿ ಕೂರದ ನನ್ನನ್ನು ಕಂಡರೆ ಅವರಿಗೆ ಆಗದು. ‘ನಿನ್ನ ಕಾಲಾಗ ಚಕ್ರ ಐತಿ, ಒಂದ್ ಗಳಿಗಿ ಕುಂದ್ರು’ ಎನ್ನುತ್ತಿದ್ದರು. ‘ನಾ ಕುಂತ್ರ ಅನ್ನ ತಾನಾ ಬೇಯ್ತದೇನ್ರಿ ಅತ್ತಿ?’ ಎನ್ನುತ್ತಿದ್ದೆ. ಅಷ್ಟರಲ್ಲಿ ನನ್ನ ಗಂಡ ಚಪ್ಪಲಿ ಮೆಟ್ಟಿ ಅಕ್ಕಿ ಗಿರಣಿಗೆ ಹೋಗಿರುತ್ತಿದ್ದರು.

ಅವರಿಗೆ ಗಿರಣಿ ಬಿಟ್ಟು ಬರಲಾಗದೆ ನಾವಿಬ್ಬರೇ ಹೊಸಪೇಟೆಯಲ್ಲಿ ರೈಲು ಹತ್ತಿದೆವು. ಅತ್ತೆಯ ಕೈಯಲ್ಲಿ ಒಂದು ದೊಡ್ಡ ಚೀಲವಿತ್ತು. ವಿಶ್ವನಾಥನ ದರ್ಶನವಾಗಿ ಕಾಲಭೈರವನ ಗುಡಿಗೆ ಹೋದೆವು. ಕಾಶಿಯ ಕಾವಲುಗಾರ ಅವನು. ಆ ಊರಲ್ಲಿ ನೆಲೆಸಬೇಕೆಂದರೆ ಅವನ ಅಪ್ಪಣೆ ಬೇಕಂತೆ. ನೂಕುನುಗ್ಗಲಿನಲ್ಲಿ ನಾನು ಗಳಿಗೆಗೊಮ್ಮೆ ವಾಚು ನೋಡಿಕೊಳ್ಳುತ್ತಿದ್ದೆ. ಅತ್ತೆ ಮುಂಗೈಗೆ ಕಪ್ಪು ದಾರ ಕಟ್ಟಿಸಿಕೊಂಡು ಹೊರಗೆ ಬಂದವರೇ ತಣ್ಣಗೆ ಹೇಳಿದರು:

‘ನಾ ಊರಿಗೆ ಬರಂಗಿಲ್ಲ. ಇಲ್ಲೇ ಯಾವ್ದರ ಮಠದಾಗ ಇರ್ತೀನಿ. ಇಲ್ಲಿ ಸತ್ರ ಮುಕ್ತಿ. ಭೈರವನ ಅಪ್ಪಣಿ ಕೇಳೀನಿ.’

ಅಷ್ಟು ದೊಡ್ಡ ಚೀಲ ಯಾಕೆ ತಂದಿದ್ದರೆಂದು ಆಗ ತಿಳಿಯಿತು. ಹೆತ್ತ ಮಗನಿಗೂ ಹೇಳದೆ ಹೊರಟಿದ್ದರು ಪುಣ್ಯಾತ್ಗಿತ್ತಿ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ: ‘ನೀವು ಮುಕ್ತಿ ತಗೊಂಡು ಆರಾಮ ಇರ್ರಿ. ನಾ ಊರಾಗ ಯಾರ ಕೂಡ ಜಗಳಾಡ್ಲಿ? ಗೋಡಿ ಕೂಡ ಆಡ್ಲೇನು?’ ಮಾತು ಮುಗಿಯುವ ಮೊದಲೇ ಅಳು ಬಂತು. ಜನ ನೋಡುತ್ತಿದ್ದರು, ನನಗೆ ಅದರ ಪರಿವೆಯೇ ಇರಲಿಲ್ಲ.

ಅತ್ತೆ ಸಂಜೆ ಗಂಗೆಯಲ್ಲಿ ಇನ್ನೊಮ್ಮೆ ಮುಳುಗಿ ಎದ್ದರು. ಮರುದಿನ ಸುಮ್ಮನೆ ನನ್ನ ಹಿಂದೆ ಬಂದು ರೈಲಿನಲ್ಲಿ ಕೂತರು.

ಊರಿಗೆ ಬಂದ ಮೇಲೆ ನನಗೆ ಇನ್ನಷ್ಟು ದಿಗಿಲು. ಅತ್ತೆ ಜಗಳವಾಡುತ್ತಿರಲಿಲ್ಲ. ಬೇಕೆಂತಲೇ ಉಪ್ಪಿಲ್ಲದ ಸಾರು ಬಡಿಸಿದೆ, ಸುಮ್ಮನೆ ಉಂಡೆದ್ದರು. ಆ ಚೀಲವನ್ನಂತೂ ಬಿಚ್ಚಿಯೇ ಇರಲಿಲ್ಲ, ಅವರ ಮಂಚದ ಕೆಳಗೇ ಇತ್ತು. ಅವರ ಜೀವ ಕಾಶಿಯಲ್ಲೇ ಇದೆ, ಇವತ್ತಲ್ಲ ನಾಳೆ ಎದ್ದು ಹೋಗುತ್ತಾರೆ ಎಂದು ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಡುಗೆಮನೆಯಿಂದ ಬಂದು ಬಂದು ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದೆ. ಕಸ ಗುಡಿಸುವ ನೆವ ಬೇರೆ.

ಒಂದು ಸೋಮವಾರ, ಕಾಶಿಯಿಂದ ತಂದ ಗಂಗೆಯನ್ನು ವಿರೂಪಾಕ್ಷನಿಗೆ ಒಪ್ಪಿಸಲು ಹಂಪಿಗೆ ಹೋದೆವು. ಅಭಿಷೇಕ ಮುಗಿಸಿ ಹೊಳೆಗೆ ಇಳಿದರೆ, ನಮ್ಮ ಓಣಿಯ ಹೆಂಗಸೊಬ್ಬಳು ಅಲ್ಲಿದ್ದಳು. ಅವಳದೂ ಅದೇ ಪ್ರಶ್ನೆ: ‘ಕಾಶ್ಯಾಗ ಏನ್ ಬಿಟ್ಟು ಬಂದ್ರಿ ಅಮ್ಮಾ?’

ಅತ್ತೆ ಬೊಗಸೆಯಲ್ಲಿ ತುಂಗಭದ್ರೆಯ ನೀರು ಕುಡಿದು ಬಾಯಿ ಒರೆಸಿಕೊಂಡರು.

‘ಕಾಶಿನ ಬಿಟ್ಟೀನಿ.’

‘ಹಂಗಂದ್ರ?’

‘ನನಗ ಭಾಳ ಇಷ್ಟ ಇದ್ದಿದ್ದು ಅದೊಂದೇ. ಅಲ್ಲಿ ಸಾಯಬೇಕು ಅನ್ನೋದು. ಬಿಟ್ಟಿದ್ದು ಮತ್ತ ಮುಟ್ಟಂಗಿಲ್ಲಲ್ಲ. ಗಂಗಾ ಸ್ನಾನ, ತುಂಗಾ ಪಾನ ಅಂತಾರ. ಸ್ನಾನ ಅಲ್ಲಿ ಆತು, ಕುಡಿಯೋದು ಇಲ್ಲಿ.’ ಆಮೇಲೆ ನನ್ನ ಕಡೆ ತಿರುಗಿದರು. ‘ಈಕಿ ಹಂಗ ಹಾಗಲಕಾಯಿ ಬಿಟ್ಟು ಭೈರವಗ ಮೋಸ ಮಾಡ್ಲೇನು?’

ಬಸ್ಸಿಗೆ ಹೊತ್ತಾಗಿತ್ತು. ನಡೀರಿ ಎನ್ನಬೇಕಾದ ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಣ್ಣೊರೆಸಿಕೊಳ್ಳುವುದನ್ನು ಅವರು ನೋಡಿದರು.

‘ಯಾಕಲೇ,’ ಎಂದರು, ‘ಚಕ್ರ ಮುರೀತೇನು?’